ಕಂಡರೂ ಪರಾಂಬರಿಸಿ ನೋಡು

ಸುದ್ದಿಯು ಕಾಲ್ನಡಿಗೆಯಲ್ಲಿ ಬರುತ್ತಿದ್ದ ಕಾಲವೊಂದಿತ್ತು. ನೆರೆಯೂರಿನ ಸಮಾಚಾರ ಸಂತೆಗೆ ಹೋದವರ ಜೊತೆಗೆ ಬರುತ್ತಿತ್ತು. ದೂರದ ಸಮಾಚಾರ ಅಂಚೆಯಣ್ಣನ ಚೀಲದಲ್ಲಿ ಬರುತ್ತಿತ್ತು. ತಂದವರು ಯಾರು, ಅವರ ಮಾತಿಗೆ ಎಷ್ಟು ತೂಕ ಎಂಬುದು ಕೇಳುವವರಿಗೆ ಮೊದಲೇ ತಿಳಿದಿರುತ್ತಿತ್ತು. ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಅಂಚೆ ಕಚೇರಿ, ಮುದ್ರಣಾಲಯ, ಚಿತ್ರಮಂದಿರ ಮೂರೂ ಸೇರಿಕೊಂಡಿವೆ. ಬೆಳಗಿನ ಪೂಜೆ ಮುಗಿಸಿ ಕೈಗೆ ಮೊಬೈಲ್ ತೆಗೆದುಕೊಳ್ಳುವಷ್ಟರಲ್ಲಿ ಹತ್ತಾರು ಚಿತ್ರಗಳು, ದೃಶ್ಯಗಳು, ಧ್ವನಿಗಳು ಬಂದು ಬಾಗಿಲಲ್ಲಿ ನಿಂತಿರುತ್ತವೆ. ಬಂದದ್ದೆಲ್ಲ ನಿಜವೆ? ನಿಜವಲ್ಲದ್ದನ್ನು ಗುರುತಿಸುವುದು ಹೇಗೆ? ಗುರುತಿಸದೆ ಮುಂದಿನವರ ಮನೆಗೆ ದಾಟಿಸಿದರೆ ಆಗುವ ಅನರ್ಥವೇನು? ಈ ಪ್ರಶ್ನೆಗಳು ಇಂದು ತಂತ್ರಜ್ಞರಿಗೆ ಮಾತ್ರ ಸೇರಿದವಲ್ಲ. ನಮ್ಮ ನಮ್ಮ ಮನೆಯ ಪ್ರಶ್ನೆಗಳೇ ಆಗಿವೆ.

“ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು” ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಗಾದೆಯ ಅರ್ಥ ನನಗೆ ಮನವರಿಕೆಯಾದದ್ದು ಪುಸ್ತಕದಿಂದಲ್ಲ, ಕಾಯಕದಿಂದ. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತನಾದವನು ನಾನು. ಒಳಗೆ ಬರುವ ಉಕ್ಕು, ಹೊರಗೆ ಹೋಗುವ ಬಿಡಿಭಾಗ ಎರಡನ್ನೂ ನೋಡಿ ಸಹಿ ಹಾಕುವುದು ನನ್ನ ಕೆಲಸವಾಗಿತ್ತು.

ಉಕ್ಕಿನ ಸಲಾಕೆ ಬಂದರೆ ಮೊದಲು ಅದರ ಮೇಲೆ ಒತ್ತಿರುವ ಹೀಟ್ ನಂಬರ್ ನೋಡುತ್ತಿದ್ದೆವು. ಯಾವ ಕುಲುಮೆಯ ಯಾವ ಎರಕದಿಂದ ಆ ಲೋಹ ಬಂತೆಂದು ಹೇಳುವ ಗುರುತು ಅದು. ಜೊತೆಗೆ ಬಂದ ಟೆಸ್ಟ್ ಸರ್ಟಿಫಿಕೇಟಿನಲ್ಲಿಯೂ ಅದೇ ಸಂಖ್ಯೆ ಇರಬೇಕು. ಇದ್ದರೂ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಒಂದು ತುಂಡನ್ನು ಕತ್ತರಿಸಿ ಗಡಸುತನ ಪರೀಕ್ಷಿಸಿ, ಅಳತೆಯನ್ನು ಮೈಕ್ರೋಮೀಟರಿನಿಂದ ನೋಡಿದ ಮೇಲೆಯೇ ಸಹಿ. ಇಪ್ಪತ್ತು ವರ್ಷಗಳಿಂದ ಮಾಲು ಕೊಡುತ್ತಿದ್ದ ಹಳೆಯ ವ್ಯಾಪಾರಿಗೂ ಇದೇ ಕ್ರಮ, ನಿನ್ನೆ ಬಂದ ಹೊಸಬನಿಗೂ ಇದೇ ಕ್ರಮ. “ನನ್ನನ್ನು ನಂಬುವುದಿಲ್ಲವೆ?” ಎಂದು ಯಾವ ವ್ಯಾಪಾರಿಯೂ ಮುನಿಸಿಕೊಂಡದ್ದನ್ನು ನಾನು ಕಾಣೆ. ಪರೀಕ್ಷಿಸುವುದು ಮಾಲನ್ನೇ ಹೊರತು ಮನುಷ್ಯನನ್ನಲ್ಲ ಎಂಬುದು ಪೀಣ್ಯದ ಪ್ರತಿ ಶೆಡ್ಡಿನಲ್ಲಿಯೂ ತಿಳಿದ ಮಾತು.

ಗಣಕಯಂತ್ರಗಳ ಲೋಕದಲ್ಲಿಯೂ ಇಂಥದೇ ಒಂದು ಹೀಟ್ ನಂಬರ್ ಉಂಟೆಂದು ನನಗೆ ತಿಳಿಸಿದವನು ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಉದ್ಯೋಗದಲ್ಲಿರುವ ನನ್ನ ಮಗ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ನೆಲದಲ್ಲಿ ನೆಲೆಗೊಳಿಸಿದ ಆ ಊರು ಇಂದು ಜಗತ್ತಿಗೆಲ್ಲ ತಂತ್ರಾಂಶ ಬರೆದು ಕೊಡುತ್ತಿದೆ. ಒಂದು ಭಾನುವಾರ ಮಗ ಮನೆಯ ಹಳೆಯ ಗಣಕಯಂತ್ರಕ್ಕೆ ಲಿನಕ್ಸ್ ಎಂಬ ಉಚಿತ ತಂತ್ರಾಂಶವನ್ನು ತುಂಬುತ್ತಿದ್ದ. ಅದನ್ನು ಎಲ್ಲಿಂದ ತರಿಸುತ್ತಿರುವೆಯೆಂದು ಕೇಳಿದೆ. “ಒಂದು ಕಡೆಯಿಂದಲ್ಲಪ್ಪ, ಗುರುತಿಲ್ಲದ ನೂರಾರು ಜನರ ಯಂತ್ರಗಳಿಂದ ಚೂರುಚೂರಾಗಿ ಬರುತ್ತಿದೆ” ಎಂದ. ನನಗೆ ಗಾಬರಿಯಾಯಿತು. ಗುರುತಿಲ್ಲದವರಿಂದ ಬಂದದ್ದನ್ನು ಮನೆಯೊಳಗೆ ಹೇಗೆ ಬಿಟ್ಟುಕೊಳ್ಳುವುದು? ಅವನು ನಗುತ್ತ ವಿವರಿಸಿದ್ದನ್ನು ನನಗೆ ತಿಳಿದಂತೆ ಇಲ್ಲಿ ಬರೆಯುತ್ತೇನೆ.

ಬಿಟ್‌ಟೊರೆಂಟ್ ಎಂಬ ಈ ವ್ಯವಸ್ಥೆಯನ್ನು ಬ್ರಾಮ್ ಕೋಹೆನ್ ಎಂಬ ಅಮೆರಿಕದ ತರುಣ 2001ರಲ್ಲಿ ರೂಪಿಸಿದ. ಇದರಲ್ಲಿ ಕೇಂದ್ರ ಉಗ್ರಾಣವಿಲ್ಲ. ಒಂದು ದೊಡ್ಡ ಕಡತವನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿ, ಯಾರ ಬಳಿ ಯಾವ ತುಂಡು ಇದೆಯೋ ಅವರು ಇಲ್ಲದವರಿಗೆ ಹಂಚುತ್ತಾರೆ. ಪಡೆಯುವವರೇ ಕೊಡುವವರೂ ಆಗುತ್ತಾರೆ. ಇದಕ್ಕೆ ಪೀರ್ ಟು ಪೀರ್, ಅಂದರೆ ಸರೀಕರ ನಡುವಿನ ಹಂಚಿಕೆ ಎಂದು ಹೆಸರು. ಕಡತವನ್ನು ಮೊದಲು ಹಂಚಿಕೆಗೆ ಇಟ್ಟವನು ಪ್ರತಿಯೊಂದು ತುಂಡಿಗೂ ಲೆಕ್ಕಾಚಾರದಿಂದ ಒಂದು ಬೆರಳಚ್ಚನ್ನು ತೆಗೆದು ಪಟ್ಟಿ ಮಾಡಿರುತ್ತಾನೆ. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಈ ಬೆರಳಚ್ಚು ಪೂರ್ತಿ ಬದಲಾಗುತ್ತದೆ. ತುಂಡು ಬಂದೊಡನೆ ನಮ್ಮ ಯಂತ್ರ ಅದರ ಬೆರಳಚ್ಚನ್ನು ತಾನೇ ತೆಗೆದು ಪಟ್ಟಿಗೆ ತಾಳೆ ನೋಡುತ್ತದೆ. ಹೊಂದಿದರೆ ಇರಿಸಿಕೊಳ್ಳುತ್ತದೆ, ಹೊಂದದಿದ್ದರೆ ಎಸೆದು ಬೇರೊಬ್ಬರಿಂದ ತರಿಸುತ್ತದೆ. ಕೊಟ್ಟವನು ಸಜ್ಜನನೋ ದುರ್ಜನನೋ ಎಂದು ಅದು ಕೇಳುವುದೇ ಇಲ್ಲ.

ಇದರ ಬಲವೆಷ್ಟೆಂಬುದಕ್ಕೆ ಒಂದು ಪ್ರಸಂಗವಿದೆ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ಎಂಬ ತಂತ್ರಾಂಶದ ಜಾಲತಾಣಕ್ಕೆ ಕಳ್ಳರು ನುಗ್ಗಿದರು. ಕಡತ ಪಡೆಯುವ ಕೊಂಡಿಯನ್ನು ಬದಲಾಯಿಸಿ, ಹಿಂಬಾಗಿಲು ಇರಿಸಿದ ಕೆಟ್ಟ ಪ್ರತಿಯತ್ತ ಜನರನ್ನು ಹೊರಳಿಸಿದರು. ಅದರ ಮುಖ್ಯಸ್ಥರಾದ ಕ್ಲೆಮೆಂಟ್ ಲೆಫೆಬ್ವರ್ ಬೇಗನೆ ಎಚ್ಚೆತ್ತು ಎಲ್ಲರಿಗೂ ತಿಳಿಸಿದರು. ಸಂಸ್ಥೆಯ ಸ್ವಂತ ತಾಣವನ್ನು ನಂಬಿ ಆ ಕೊಂಡಿಯಿಂದ ಪಡೆದವರು ಅಪಾಯಕ್ಕೆ ಸಿಲುಕಿದರು. ಗುರುತಿಲ್ಲದವರ ನಡುವಿನ ಟೊರೆಂಟ್ ಹಂಚಿಕೆಯಿಂದ ಪಡೆದವರು ಕ್ಷೇಮವಾಗಿದ್ದರು. ಕೆಡಿಸಿದ ಪ್ರತಿಯು ಹಳೆಯ ಬೆರಳಚ್ಚಿಗೆ ಹೊಂದುವಂತೆಯೇ ಇರಲಿಲ್ಲ!

ಇಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಅಪರಿಚಿತರ ನಡುವಿನ ಹಂಚಿಕೆ ಸುರಕ್ಷಿತವಾಗಿದೆ, ಏಕೆಂದರೆ ಅಲ್ಲಿ ಯಾರೂ ಯಾರನ್ನೂ ನಂಬದೆ ಪ್ರತಿ ತುಂಡನ್ನೂ ಪರೀಕ್ಷಿಸುತ್ತಾರೆ. ನಮ್ಮ ವಾಟ್ಸ್‌ಆಪ್ ಬಳಗಗಳಲ್ಲಿ ಹಂಚುವವರು ಮಾವ, ಭಾವ, ಅಕ್ಕ, ಚಿಕ್ಕಪ್ಪ, ಸಂಘದ ಅಧ್ಯಕ್ಷರು. ಎಲ್ಲರೂ ಬಲ್ಲವರು, ಬೇಕಾದವರು. ಆದ್ದರಿಂದಲೇ ಅಲ್ಲಿ ಯಾರೂ ಏನನ್ನೂ ಪರೀಕ್ಷಿಸುವುದಿಲ್ಲ. ವಾಟ್ಸ್‌ಆಪಿನ ನಡುವೆ ಕಂಪನಿಯ ಯಂತ್ರಗಳಿವೆ, ಅದು ಟೊರೆಂಟಿನಂಥ ಜಾಲವಲ್ಲ, ನಿಜ. ಆದರೆ ಕೈಯಿಂದ ಕೈಗೆ ದಾಟಿಸುವವರು ನಾವೇ. ಸುಳ್ಳು ನಮ್ಮ ಮನೆಗೆ ಕಳ್ಳನಂತೆ ಬರುವುದಿಲ್ಲ. ನೆಂಟರ ಕೈ ಹಿಡಿದುಕೊಂಡು ಅತಿಥಿಯಂತೆ ಬರುತ್ತದೆ.

ಇದರಿಂದ ಆಗುವ ಅನಾಹುತವನ್ನು ಬೆಂಗಳೂರು 2012ರಲ್ಲಿಯೇ ಕಂಡಿದೆ. ಆ ವರ್ಷದ ಜುಲೈಯಲ್ಲಿ ಅಸ್ಸಾಮಿನ ಕೊಕ್ರಜಾರ್ ಭಾಗದಲ್ಲಿ ಘೋರ ಗಲಭೆಗಳಾದವು. ಅದರ ಬೆನ್ನಲ್ಲೇ ಈಶಾನ್ಯ ರಾಜ್ಯಗಳ ಜನರ ಮೇಲೆ ಇಲ್ಲಿಯೂ ದಾಳಿ ನಡೆಯಲಿದೆ ಎಂಬ ಎಸ್.ಎಂ.ಎಸ್.ಗಳು, ಭಯಾನಕ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಆಗಸ್ಟ್ 15ರಿಂದ ಸಾವಿರಾರು ಮಂದಿ ಕೆಲಸ, ಓದು, ಬಾಡಿಗೆ ಮನೆ ಎಲ್ಲವನ್ನೂ ಬಿಟ್ಟು ರೈಲು ನಿಲ್ದಾಣಕ್ಕೆ ನುಗ್ಗಿದರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಅಂದು ಗೃಹ ಖಾತೆಯನ್ನೂ ಹೊಂದಿದ್ದ ಉಪಮುಖ್ಯಮಂತ್ರಿ ಆರ್. ಅಶೋಕ ಅವರು ನಿಲ್ದಾಣಕ್ಕೇ ಹೋಗಿ ಹೋಗಬೇಡಿರೆಂದು ಕೇಳಿಕೊಂಡರು. ಆಗಸ್ಟ್ 17ರಂದು ಕೇಂದ್ರ ಸರ್ಕಾರ ಹದಿನೈದು ದಿನಗಳ ಕಾಲ ಒಬ್ಬರು ದಿನಕ್ಕೆ 5 ಸಂದೇಶಗಳಿಗಿಂತ ಹೆಚ್ಚು ಕಳಿಸದಂತೆ ಮಿತಿ ವಿಧಿಸಿತು. ಹರಿದಾಡಿದ ಚಿತ್ರಗಳಲ್ಲಿ ಹಲವು ಚಂಡಮಾರುತ, ಭೂಕಂಪಗಳಲ್ಲಿ ಸತ್ತವರ ಹಳೆಯ ಚಿತ್ರಗಳೆಂದೂ, ಅವುಗಳನ್ನು ಗಲಭೆಯ ಚಿತ್ರಗಳೆಂದು ಸಾರಲಾಯಿತೆಂದೂ ಕೇಂದ್ರ ಗೃಹ ಕಾರ್ಯದರ್ಶಿಗಳು ಬಳಿಕ ತಿಳಿಸಿದರು.

ನಮ್ಮ ಕಾರ್ಖಾನೆಯ ಕಾವಲು ಕೆಲಸದಲ್ಲಿ ಅಸ್ಸಾಮಿನ ಇಬ್ಬರು ತರುಣರಿದ್ದರು. ಅವರಲ್ಲೊಬ್ಬ ಲೆಕ್ಕ ಚುಕ್ತಾ ಮಾಡಿಕೊಳ್ಳಲು ಬಂದಾಗ ನಾನು ಸಂದೇಶವನ್ನು ತೋರಿಸಪ್ಪಾ ಎಂದೆ. ಚಿತ್ರದಲ್ಲಿ ಸ್ಥಳದ ಹೆಸರಿಲ್ಲ, ದಿನಾಂಕವಿಲ್ಲ, ತೆಗೆದವರ ಗುರುತಿಲ್ಲ. “ಇದನ್ನು ಯಾರು ಕಳಿಸಿದರು?” ಎಂದು ಕೇಳಿದೆ. “ನನ್ನ ಅಣ್ಣ ಸಾರ್” ಎಂದ. ಅಣ್ಣನಿಗೆ ಯಾರು ಕಳಿಸಿದರೆಂಬುದು ಅವನಿಗೆ ತಿಳಿಯದು. ಇದು ಸುಳ್ಳಿರಬಹುದೆಂದು ನಾನು ಹೇಳುತ್ತಿರುವಾಗಲೇ ಊರಿನಿಂದ ಅವನ ತಾಯಿಯ ಕರೆ ಬಂತು. ಆ ಭಾಷೆ ನನಗೆ ಬಾರದು. ಆದರೆ ಅಳುವಿಗೆ ಭಾಷೆಯ ಹಂಗೆಲ್ಲಿ? ಅಂದು ರಾತ್ರಿಯೇ ಇಬ್ಬರೂ ಹೊರಟರು. ಒಬ್ಬ ಎರಡು ತಿಂಗಳ ಮೇಲೆ ಹಿಂದಿರುಗಿದ. ಇನ್ನೊಬ್ಬ ಬರಲೇ ಇಲ್ಲ. ತಾಯಿಯ ಎದೆಯಲ್ಲಿ ಭಯ ಹೊಕ್ಕ ಮೇಲೆ ಯಾವ ತಪಾಸಣೆಯೂ ನಾಟುವುದಿಲ್ಲ. ಪರೀಕ್ಷೆ ನಡೆಯಬೇಕಾದದ್ದು ಸಂದೇಶ ಆ ತಾಯಿಯನ್ನು ಮುಟ್ಟುವ ಮೊದಲು. ಅಂದರೆ, ದಾಟಿಸಿದ ಪ್ರತಿಯೊಬ್ಬರ ಕೈಯಲ್ಲಿ.

2012ರಲ್ಲಿ ಊರು ಬಿಟ್ಟು ಓಡಿಸಿದ ವದಂತಿ 2018ರಲ್ಲಿ ಪ್ರಾಣವನ್ನೇ ತೆಗೆದುಕೊಂಡಿತು. ಮೋಟಾರ್ ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯವನ್ನು ಆ ವರ್ಷ ಅನೇಕರು ನೋಡಿರಬಹುದು. ಮಕ್ಕಳ ಕಳ್ಳರು ನಮ್ಮೂರಿಗೇ ಬಂದಿದ್ದಾರೆ ಎಂಬ ಧ್ವನಿಯೊಂದಿಗೆ ಅದು ಹಬ್ಬಿತು. ಮೇ 23ರಂದು ಚಾಮರಾಜಪೇಟೆಯಲ್ಲಿ, ಕೆಲಸ ಅರಸಿ ಬಂದಿದ್ದ ರಾಜಸ್ಥಾನದ 26 ವರ್ಷದ ತರುಣನನ್ನು ಜನರ ಗುಂಪು ಮಕ್ಕಳ ಕಳ್ಳನೆಂದು ಬಡಿದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ 32 ವರ್ಷದ ತಂತ್ರಜ್ಞನೊಬ್ಬ ಹಾಗೆಯೇ ಹತನಾದ. ಅವನ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣವಾಗಿತ್ತು. ಕಾರು ಮುಂದಿನ ಹಳ್ಳಿಯನ್ನು ಮುಟ್ಟುವ ಮೊದಲೇ ವಾಟ್ಸ್‌ಆಪ್ ಸಂದೇಶ ಮುಟ್ಟಿತ್ತು. ಶರಣರು ನಡೆದಾಡಿದ ಕಲ್ಯಾಣವಿರುವ ಜಿಲ್ಲೆ ಅದು ಎಂಬುದನ್ನು ನೆನೆದರೆ ಕರುಳು ಹಿಂಡಿದಂತಾಗುತ್ತದೆ.

ಆ ದೃಶ್ಯದ ಮೂಲವೇನು? ಅದು ಕರ್ನಾಟಕದ್ದಲ್ಲ, ಭಾರತದ್ದೂ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ರೋಷನಿ ಹೆಲ್ಪ್‌ಲೈನ್ ಎಂಬ ಸೇವಾಸಂಸ್ಥೆ ಮಕ್ಕಳ ರಕ್ಷಣೆಯ ಅರಿವಿಗಾಗಿ 2016ರಲ್ಲಿ ಮಾಡಿಸಿದ ಕಿರುಚಿತ್ರ. ಮೂಲದಲ್ಲಿ ಬೈಕಿನವರು ಮರಳಿ ಬಂದು ಮಗುವನ್ನು ಇಳಿಸಿ, ಮಗುವನ್ನು ಕದಿಯಲು ಕ್ಷಣಮಾತ್ರ ಸಾಕು, ಎಚ್ಚರವಾಗಿರಿ ಎಂಬರ್ಥದ ಫಲಕವನ್ನು ಹಿಡಿಯುತ್ತಾರೆ. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿಬಿಟ್ಟರು. ಉಳಿದ ಭಾಗದಲ್ಲಿ ಒಂದು ಚಿತ್ರವನ್ನೂ ತಿದ್ದಬೇಕಾಗಿರಲಿಲ್ಲ. ಕೊನೆಯನ್ನು ಕತ್ತರಿಸಿದ್ದಷ್ಟಕ್ಕೇ ಎಚ್ಚರಿಕೆಯ ಚಿತ್ರ ಕೊಲೆಯ ಆಯುಧವಾಯಿತು. ಅದೇ ಜುಲೈಯಲ್ಲಿ ವಾಟ್ಸ್‌ಆಪ್ ಸಂಸ್ಥೆ ದಾಟಿಸಿದ ಸಂದೇಶಗಳಿಗೆ ‘ಫಾರ್ವರ್ಡೆಡ್’ ಎಂಬ ಗುರುತು ಹಾಕಿತು. ಭಾರತದಲ್ಲಿ ಒಮ್ಮೆಗೆ 5 ಕಡೆಗಿಂತ ಹೆಚ್ಚು ದಾಟಿಸದಂತೆ ಮಿತಿ ತಂದಿತು. ಬಹಳ ಕೈ ದಾಟಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದೆಂಬ ನಿಯಮ 2020ರ ಏಪ್ರಿಲಿನಲ್ಲಿ ಬಂತು. ಎರಡು ಬಾಣಗಳ ಗುರುತು ಕಂಡರೆ ಅದು ಬಹಳ ಕೈ ದಾಟಿ ಬಂದದ್ದೆಂದು ತಿಳಿಯಬೇಕು.

ಹಾಗಾದರೆ ಹ್ಯಾಶ್ ಎಂಬ ಆ ಬೆರಳಚ್ಚು ಇಂಥ ಸುಳ್ಳನ್ನು ಹಿಡಿಯಲಾರದೆ? ಅದರ ಮಿತಿಯನ್ನೂ ತಿಳಿಯಬೇಕು. ತಪಾಸಣೆಯಲ್ಲಿ ಎರಡು ಪ್ರಶ್ನೆಗಳಿವೆ: ‘ಇದು ಅದೇನೋ?’ ಎಂಬುದು ಒಂದು, ‘ಇದು ಸರಿಯಾದುದೋ?’ ಎಂಬುದು ಇನ್ನೊಂದು. ಹೀಟ್ ನಂಬರ್ ಮೊದಲನೆಯದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಕುಲುಮೆಯಲ್ಲಿಯೇ ಲೋಹ ಕೆಟ್ಟಿದ್ದರೆ ಸಂಖ್ಯೆ ಸರಿಯಾಗಿಯೇ ಇರುತ್ತದೆ, ಉಕ್ಕು ಕೆಟ್ಟಿರುತ್ತದೆ. ಅಂತೆಯೇ ಹ್ಯಾಶ್ ಹೊಂದಿದರೆ ಕಡತವು ದಾರಿಯಲ್ಲಿ ಬದಲಾಗಿಲ್ಲವೆಂದಷ್ಟೇ ಅರ್ಥ. ಹಂಚಿಕೆಗೆ ಇಟ್ಟವನೇ ಸುಳ್ಳನಾದರೆ ಆ ಸುಳ್ಳು ಅಚ್ಚಳಿಯದೆ ಬಂದು ತಲುಪುತ್ತದೆ. ವಾಟ್ಸ್‌ಆಪಿನ ಬೀಗದ ಗುರುತೂ ಅಷ್ಟೇ. ನಡುವೆ ಯಾರೂ ತೆರೆದು ನೋಡಿಲ್ಲವೆಂದು ಅದು ಹೇಳುತ್ತದೆ. ಒಳಗಿರುವುದು ಸತ್ಯವೆಂದು ಹೇಳುವುದಿಲ್ಲ. ಗೇಜು ಕೂಡ ಸವೆಯುತ್ತದೆಂಬುದನ್ನು ಮರೆಯಬಾರದು. ಟೊರೆಂಟುಗಳು ಬಳಸುತ್ತಿದ್ದ ಎಸ್‌ಎಚ್‌ಎ-1 ಎಂಬ ಹಳೆಯ ಲೆಕ್ಕದಲ್ಲಿ ಎರಡು ಬೇರೆ ಬೇರೆ ಕಡತಗಳಿಗೆ ಒಂದೇ ಬೆರಳಚ್ಚು ಬರುವಂತೆ ಮಾಡಬಹುದೆಂದು 2017ರಲ್ಲಿ ಗೂಗಲ್ ಸಂಸ್ಥೆಯೂ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರೂ ತೋರಿಸಿಕೊಟ್ಟರು. ಈಗ ಎಸ್‌ಎಚ್‌ಎ-256 ಎಂಬ ಹೆಚ್ಚು ಬಲವಾದ ಲೆಕ್ಕ ಬಳಕೆಗೆ ಬಂದಿದೆ.

ಇನ್ನು ಮುಖವೂ ಧ್ವನಿಯೂ ಪ್ರಮಾಣವಲ್ಲದ ಕಾಲ ಬಂದಿದೆ. ಎಲೆಕ್ಟ್ರಾನಿಕ್ಸ್ ಸಿಟಿಗೆ ಕೀರ್ತಿ ತಂದ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣಮೂರ್ತಿಯವರು ಹಣ ಹೂಡಿಕೆಯ ಆಪ್‌ಗಳನ್ನು ಹೊಗಳುವಂತೆ ಕೃತಕ ದೃಶ್ಯಗಳು ಹುಟ್ಟಿಕೊಂಡವು. ಅವು ಸುಳ್ಳು, ನಂಬಬೇಡಿರೆಂದು 2023ರ ಡಿಸೆಂಬರಿನಲ್ಲಿ ಅವರೇ ಸಾರ್ವಜನಿಕವಾಗಿ ಎಚ್ಚರಿಸಬೇಕಾಯಿತು. ಬಲ್ಲ ಮುಖ, ಬಲ್ಲ ದನಿ ಎಂದು ನಂಬುವ ನಮ್ಮ ಹಳೆಯ ರೂಢಿಯನ್ನೇ ವಂಚಕರು ಬಂಡವಾಳ ಮಾಡಿಕೊಂಡಿದ್ದಾರೆ.

ನಮ್ಮ ಸಮಾಜದ ಮನೆಗಳಿಗೆ ಇನ್ನೂ ಹತ್ತಿರದ ಉದಾಹರಣೆಯೊಂದುಂಟು. ಯಾರೋ ಬರೆದ ನಾಲ್ಕು ಸಾಲಿನ ಕೊನೆಗೆ ಕೂಡಲಸಂಗಮದೇವ ಎಂದು ಸೇರಿಸಿ, ಅಣ್ಣನವರ ಚಿತ್ರ ಹಚ್ಚಿ, ಬೆಳಗಿನ ಶುಭಾಶಯವೆಂದು ಕಳಿಸುವ ರೂಢಿ ಬೆಳೆದಿದೆ. ಅಂಕಿತವಿದ್ದಮಾತ್ರಕ್ಕೆ ವಚನವಾಗುವುದಿಲ್ಲ, ಅಂಕಿತವನ್ನು ಯಾರು ಬೇಕಾದರೂ ಬರೆಯಬಲ್ಲರು. ಫ. ಗು. ಹಳಕಟ್ಟಿಯವರು ಮನೆಮನೆ, ಮಠಮಠ ತಿರುಗಿ ತಾಳೆಗರಿಗಳನ್ನು ಕೂಡಿಸಿ, ಪ್ರತಿಗಳನ್ನು ಪರಿಶೀಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಆ ಮಹನೀಯರು ಕೈಯಿಂದ ಮಾಡಿದ ಪರೀಕ್ಷೆಯ ಫಲವನ್ನು ನಾವು ಉಣ್ಣುತ್ತಿದ್ದೇವೆ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ರಾಜ್ಯ ಸರ್ಕಾರ 1993ರಲ್ಲಿ ಪ್ರಕಟಿಸಿದ 15 ಸಮಗ್ರ ವಚನ ಸಂಪುಟಗಳಿವೆ. ಬಂದ ಸಾಲು ಅಲ್ಲಿ ಇದೆಯೇ ಎಂದು ನೋಡಲು ಐದು ನಿಮಿಷ ಸಾಕು. ಶರಣರು ಆಡದ ಮಾತನ್ನು ಅವರ ಬಾಯಲ್ಲಿ ಇಡುವುದು ಭಕ್ತಿಯಾಗಲಾರದು.

ಮನೆಯ ಮಟ್ಟಿಗೆ ಮಾಡಬಹುದಾದ ಪರೀಕ್ಷೆಗಳು ಕಠಿಣವೇನಲ್ಲ. ಮೊದಲು ಇದು ಎಲ್ಲಿಯದು, ಯಾವಾಗಿನದು, ತೆಗೆದವರು ಯಾರು ಎಂದು ಕೇಳಿಕೊಳ್ಳಬೇಕು. ಮೂರಕ್ಕೂ ಉತ್ತರವಿಲ್ಲದಿದ್ದರೆ ಅಲ್ಲಿಯೇ ನಿಲ್ಲಿಸಬೇಕು. ಗೂಗಲ್ ಲೆನ್ಸ್‌ನಂಥ ಸೌಲಭ್ಯದಲ್ಲಿ ಚಿತ್ರವನ್ನಿಟ್ಟು ಹುಡುಕಿದರೆ ಅದು ಹಿಂದೆ ಎಲ್ಲೆಲ್ಲಿ ಅಚ್ಚಾಗಿದೆಯೆಂದು ಬಹುಮಟ್ಟಿಗೆ ತಿಳಿಯುತ್ತದೆ. ದೃಶ್ಯವಾದರೆ ಅಂಗಡಿಯ ನಾಮಫಲಕ, ವಾಹನದ ಸಂಖ್ಯೆ, ಆಡುವ ಭಾಷೆ ಇವನ್ನು ಗಮನಿಸಬೇಕು. ಅರ್ಧಕ್ಕೆ ನಿಂತಂತೆ ತೋರಿದರೆ ಪೂರ್ಣ ಪ್ರತಿಯನ್ನು ಹುಡುಕಬೇಕು. ಮನೆಯಲ್ಲಿ ನ್ಯಾಯಾಲಯಕ್ಕೆ ಬೇಕಾಗಬಹುದಾದ ಚಿತ್ರವಿದ್ದರೆ ಮೂಲ ಕಡತವನ್ನು ಅದು ಹುಟ್ಟಿದ ಮೊಬೈಲಿನಲ್ಲಿಯೇ ಕಾಪಾಡಬೇಕು. ವಾಟ್ಸ್‌ಆಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ ಬೇರೆ ಕಡತವೇ ಆಗಿಬಿಡುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಂತೆ ಇಂಥ ದಾಖಲೆಯ ಜೊತೆ ಸಲ್ಲಿಸುವ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಸಂಖ್ಯೆಗೂ ಜಾಗವಿದೆ. ಮಗ ಹೇಳಿದ ಬೆರಳಚ್ಚು ಹೀಗೆ ನ್ಯಾಯಪೀಠದವರೆಗೂ ನಡೆದು ಬಂದಿದೆ.

ಇವೆಲ್ಲಕ್ಕಿಂತ ಕಷ್ಟವಾದದ್ದು ಹಿರಿಯರನ್ನು, ನೆಂಟರನ್ನು ಕೇಳುವುದು. ಕಳೆದ ಶ್ರಾವಣದಲ್ಲಿ ನಮ್ಮ ಮನೆತನದ ಬಳಗಕ್ಕೆ ನನ್ನ ಪತ್ನಿಯ ಅಣ್ಣನವರು ಒಂದು ಮಗುವಿನ ಚಿತ್ರ ಕಳಿಸಿದರು. ಮಗು ಕಳೆದುಹೋಗಿದೆ, ಕಂಡವರು ಈ ಸಂಖ್ಯೆಗೆ ತಿಳಿಸಿ, ಎಲ್ಲರಿಗೂ ಕಳಿಸಿ ಎಂದಿತ್ತು. ಅದನ್ನು ನೋಡಿ ಯಾರ ಮನಸ್ಸು ತಾನೇ ಕರಗದು? ದಿನಾಂಕ ಮಾತ್ರ ಇರಲಿಲ್ಲ. ಅವರಿಗೆ ಕರೆ ಮಾಡಿ, “ಭಾವನವರೇ, ಇದು ತಮಗೆ ಎಲ್ಲಿಂದ ಬಂತು?” ಎಂದು ಕೇಳಿದೆ. ಬ್ಯಾಂಕಿನ ಹಳೆಯ ಗೆಳೆಯರಿಂದ ಬಂತೆಂದರು. ಅವರಿಗೆ ಎಲ್ಲಿಂದಲೋ ತಿಳಿಯದು. ಚಿತ್ರದಲ್ಲಿದ್ದ ಸಂಖ್ಯೆಗೆ ಫೋನು ಮಾಡಿದೆ. ಮಗುವಿನ ತಂದೆ ಎತ್ತಿಕೊಂಡರು. “ಸ್ವಾಮಿ, ನನ್ನ ಮಗಳು ಅದೇ ದಿನ ಸಂಜೆಗೆ ಸಿಕ್ಕಿದಳು. ಈಗ ಹೈಸ್ಕೂಲಿಗೆ ಹೋಗುತ್ತಿದ್ದಾಳೆ. ಫೋನು ಬರುವುದು ಮಾತ್ರ ನಿಂತಿಲ್ಲ. ದಯವಿಟ್ಟು ನಿಲ್ಲಿಸಲು ಹೇಳಿ” ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಕಳಿಸಿದವರಲ್ಲಿ ಒಬ್ಬರೂ ಕೆಟ್ಟವರಲ್ಲ, ಎಲ್ಲರೂ ದಯೆಯಿಂದಲೇ ಕಳಿಸಿದ್ದರು. ಪರೀಕ್ಷೆಯಿಲ್ಲದ ದಯೆ ಆ ಮನೆಗೆ ವರ್ಷಗಟ್ಟಲೆ ಪೀಡೆಯಾಗಿತ್ತು.

ಭಾವನವರಿಗೆ ಈ ಮಾತನ್ನು ತಿಳಿಸುವಾಗ ನನಗೆ ಸ್ವಲ್ಪ ಅಳುಕಿತ್ತು. ಆದರೆ ಅವರು ಬೇಸರಪಡಲಿಲ್ಲ. “ನೀವು ಕೇಳಿದ್ದು ಒಳ್ಳೆಯದಾಯಿತು” ಎಂದು, ತಾವೇ ಬಳಗಕ್ಕೆ ಮಗು ಸಿಕ್ಕಿದ ಸುದ್ದಿಯನ್ನು ಬರೆದರು. ತಮಗೆ ಕಳಿಸಿದ ಗೆಳೆಯರಿಗೂ ಬರೆದರು. ಆ ಗೆಳೆಯರು ತಮಗೆ ಕಳಿಸಿದವರಿಗೆ ಬರೆದರಂತೆ. ಪೀಣ್ಯದಲ್ಲಿ ಮಾಲು ತಿರಸ್ಕಾರವಾದರೆ ಅದು ಬಂದ ದಾರಿಯಲ್ಲಿಯೇ ಚೀಟಿ ಹಚ್ಚಿಕೊಂಡು ಹಿಂದೆ ಹೋಗುತ್ತಿತ್ತು. ಮುಂದಿನ ಗಾಡಿಯಲ್ಲಿ ಅದೇ ಕೆಟ್ಟ ಮಾಲು ಬಾರದಿರಲಿ ಎಂಬುದೇ ಅದರ ಉದ್ದೇಶ. ನಮ್ಮ ಬಳಗಗಳಲ್ಲಿಯೂ ಹಾಗೆಯೇ ಆಗಬೇಕು. ಸುಳ್ಳೆಂದು ತಿಳಿದ ಮೇಲೆ ಸುಮ್ಮನೆ ಅಳಿಸಿಹಾಕಿ ಕುಳಿತರೆ ಸಾಲದು. ಸುಳ್ಳು ನಡೆದು ಬಂದ ದಾರಿಯಲ್ಲಿ ನಿಜವೂ ಒಮ್ಮೆ ಹಿಂದಕ್ಕೆ ನಡೆದು ಹೋಗಬೇಕು.